‘ವಾಯ್ಸ್ ಹೋಗಿದೆ’ ಅನ್ನುವ ಹಳೇ ಅಭಿಮಾನಿಗಳಿಗೆ

(ಹಾಸನದಲ್ಲಿ ಹಾಡಿನ ಹುಚ್ಚಿರುವ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತು. ರೆಕಾರ್ಡಿಂಗ್ ಕೇಳಿ ಬರೆದದ್ದು.)

ಹೊಳೆನರಸೀಪುರದಿಂದ ಶುರು ಮಾಡುತ್ತೇನೆ. ರಾಕ್ ಬ್ಯಾಂಡ್ ಬಗ್ಗೆ ಮಾತಾಡು ಅಂತ ಕರೆದರೆ ಇವನು ಹೊಳೆನರಸೀಪುರ ಅಂತಾನಲ್ಲ, ರಾಜಕೀಯ ತೆಗೀತಾನಾ ಅಂತ ಒಂದಿಬ್ಬರು ಮುಖ ಮುಖ ನೋಡಿಕೊಂಡಿರಿ. ರಾಜಕೀಯ ಇಲ್ಲ, ಆರಾಮಾಗಿ ಕೂತ್ಕೊಳ್ಳಿ.

ಆ ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡಿದ್ದ ಎಚ್. ಯೋಗಾನರಸಿಂಹಂ ಅಂತ ಒಬ್ಬರಿದ್ದರು. ಸಂಸ್ಕೃತ ಬಲ್ಲವರು, ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ಕಟ್ಟಿದವರು. ಅವರ ಮಕ್ಕಳಲ್ಲಿ ಒಬ್ಬರು ಎಚ್.ವೈ. ಶಾರದಾ ಪ್ರಸಾದ್, ಇಂದಿರಾ ಗಾಂಧಿಯವರಿಗೆ ಮಾಧ್ಯಮ ಸಲಹೆಗಾರರಾಗಿದ್ದರು. ಇನ್ನೊಬ್ಬರು ಎಚ್.ವೈ. ಮೋಹನ ರಾಮ್, ದೆಹಲಿ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್. ಈ ಮೋಹನ ರಾಮ್ ಅವರ ಮಗ ಯಾರು ಗೊತ್ತಾ? ರಾಹುಲ್ ರಾಮ್. ‘ಇಂಡಿಯನ್ ಓಷನ್’ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ಹಿಡಿದು, ಉದ್ದ ಕೂದಲು ಬಿಟ್ಟುಕೊಂಡು, ಎರಡು ಹಾಡಿನ ಮಧ್ಯೆ ಜನರನ್ನು ನಗಿಸುತ್ತಾ ನಿಂತಿರುತ್ತಾರಲ್ಲ, ಅವರೇ. ಐಐಟಿ ಕಾನ್ಪುರದಲ್ಲಿ ಓದಿ, ಅಮೆರಿಕದ ಕಾರ್ನೆಲ್‌ನಲ್ಲಿ ಪಿಎಚ್‌ಡಿ ಮಾಡಿ, ವಾಪಸ್ ಬಂದು ನರ್ಮದಾ ಚಳವಳಿಗೆ ಹೋಗಿ, ಆಮೇಲೆ ಬ್ಯಾಂಡಿನಲ್ಲೇ ಉಳಿದವರು. ಅಂದರೆ ದೆಹಲಿಯ ಬಹಳ ಹಳೇ ರಾಕ್ ಬ್ಯಾಂಡೊಂದರ ಬೇರು ನಮ್ಮ ಜಿಲ್ಲೆಗೂ ಬಂದು ಮುಟ್ಟುತ್ತದೆ. ಇದನ್ನು ನಮ್ಮವರಿಗೆ ಹೇಳಿದರೆ ಅರ್ಧ ಜನ ನಂಬುವುದಿಲ್ಲ.

ನಾನು ಯಾಕೆ ಈ ವಿಷಯ ಹಿಡಿದುಕೊಂಡೆ ಅಂದರೆ, ನನ್ನ ಹೊಟ್ಟೆಪಾಡು ಮೈಕ್‌ಸೆಟ್. ಮದುವೆ, ಗಣೇಶನ ಪೆಂಡಾಲು, ಆರ್ಕೆಸ್ಟ್ರಾ, ರಾಜ್ಯೋತ್ಸವ, ಎಲ್ಲಾ ಮಾಡಿದ್ದೇನೆ. ಅದಕ್ಕೂ ಮುಂಚೆ ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿ ಇಟ್ಟಿದ್ದೆ. ಜನ ಚೀಟಿಯಲ್ಲಿ ಹಾಡಿನ ಪಟ್ಟಿ ಬರೆದು ತರೋರು, ನಾನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದೆ. ಹೀಗಾಗಿ ಇಲ್ಲಿ ಕೂತಿರುವ ಹಲವರು ಮೊದಲ ಸಲ ಐರನ್ ಮೇಡನ್, ಡೀಪ್ ಪರ್ಪಲ್‌ನಂಥ ಇಂಗ್ಲೆಂಡಿನ ರಾಕ್ ಬ್ಯಾಂಡುಗಳನ್ನು ಕೇಳಿದ್ದು ನನ್ನ ಡೆಕ್‌ನಿಂದಲೇ. ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಹಾಸ್ಟೆಲ್‌ನಿಂದ ಸೈಕಲ್ಲಿನಲ್ಲಿ ಬರೋರು. ಈಗ ಅವರಿಗೆಲ್ಲ ತಲೆ ನೆರೆತಿದೆ. ಬ್ಯಾಂಡಿನವರಿಗೂ ನೆರೆತಿದೆ. ಈಗ ಆ ಬ್ಯಾಂಡುಗಳು ಬೆಂಗಳೂರಿಗೆ ಬಂದಾಗ ನಾವು ನೋಡೋಕೆ ಹೋಗುತ್ತೇವೆ, ನೋಡಿಕೊಂಡು ಬರುತ್ತಾ ಚನ್ನರಾಯಪಟ್ಟಣ ಬರೋಷ್ಟರಲ್ಲಿ ಯಾರಾದರೊಬ್ಬ ಅಂದೇ ಅನ್ನುತ್ತಾನೆ: “ಏನ್ ಗುರು, ವಾಯ್ಸೇ ಹೋಗ್ಬಿಟ್ಟೈತೆ. ಕ್ಯಾಸೆಟ್‌ನಲ್ಲಿ ಇದ್ದಂಗಿಲ್ಲ.”

ಈ ಮಾತಿನ ಜೊತೆ ನನಗೆ ಜಗಳ ಇದೆ. ಇವತ್ತು ಅದನ್ನೇ ಆಡೋಣ ಅಂತ ಬಂದಿದ್ದೇನೆ.

ಮೊದಲು ಇಂಡಿಯನ್ ಓಷನ್ ಕತೆಯನ್ನೇ ಪೂರ್ತಿ ಮಾಡುತ್ತೇನೆ. 1990ರಲ್ಲಿ ದೆಹಲಿಯಲ್ಲಿ ಶುರುವಾದದ್ದು. ಗಿಟಾರ್ ಸುಸ್ಮಿತ್ ಸೇನ್, ತಬಲಾ ಮತ್ತು ಹಾಡು ಅಶೀಮ್ ಚಕ್ರವರ್ತಿ. ಮರುವರ್ಷ ರಾಹುಲ್ ರಾಮ್ ಸೇರಿದರು. ಆಮೇಲೆ ಡ್ರಮ್ಸ್‌ಗೆ ಅಮಿತ್ ಕಿಲಮ್. ಈ ನಾಲ್ಕು ಜನ ಸೇರಿ ಮಾಡಿದ ‘ಕಂದೀಸಾ’ 2000ರಲ್ಲಿ ಬಂತು. ಅದರ ಹೆಸರಿನ ಹಾಡು ಕೇರಳದ ಸಿರಿಯನ್ ಕ್ರೈಸ್ತರ ಹಳೇ ಪ್ರಾರ್ಥನೆ, ಅರಾಮಿಕ್ ಭಾಷೆಯದ್ದು. ಒಂದು ಪದ ಅರ್ಥವಾಗದೆ ಹಾಸನದ ಹುಡುಗರು ಅದನ್ನು ಬಾಯಿಪಾಠ ಮಾಡಿದ್ದರು. ನರ್ಮದಾ ಕಣಿವೆಯಿಂದ ಬಂದ ‘ಮಾ ರೇವಾ’ ಕೂಡ ಹಾಗೇ.

2009ರ ಡಿಸೆಂಬರ್ 25ಕ್ಕೆ ಅಶೀಮ್ ತೀರಿಕೊಂಡರು. ಆ ಮನುಷ್ಯ ತಬಲಾ ಬಾರಿಸುತ್ತಲೇ ಹಾಡುತ್ತಿದ್ದರು. ಎರಡೂ ಒಟ್ಟಿಗೆ, ಒಂದೇ ಉಸಿರಿನಲ್ಲಿ. ಮೈಕ್‌ಸೆಟ್ ಮಾಡುವವನಿಗೆ ಗೊತ್ತು ಅದೆಷ್ಟು ಕಷ್ಟ ಅಂತ, ಕೈಗೂ ಮೈಕು ಕೊಡಬೇಕು, ಬಾಯಿಗೂ ಕೊಡಬೇಕು, ತಬಲಾದ ಎಡಗಡೆ ವಾದ್ಯದ ಗುಂ ಅನ್ನೋದು ಹಾಡುವ ಮೈಕಿಗೆ ನುಗ್ಗಬಾರದು, ಹಾಡುಗಾರ ತಲೆ ಅಲ್ಲಾಡಿಸಿದರೆ ದನಿ ಕಮ್ಮಿಯಾಗಬಾರದು. ಇಂಥವರು ಹೋದ ಮೇಲೆ ಬ್ಯಾಂಡ್ ಏನು ಮಾಡಿತು? ಅವರ ಹಾಗೇ ಎರಡೂ ಮಾಡುವ ಇನ್ನೊಬ್ಬರನ್ನು ಹುಡುಕಿ ಕೂರಿಸಲಿಲ್ಲ. ಒಬ್ಬರ ಜಾಗಕ್ಕೆ ಇಬ್ಬರು ಬಂದರು. ಹಾಡೋಕೆ ಹಿಮಾಂಶು ಜೋಶಿ, ತಬಲಾಕ್ಕೆ ತುಹೀನ್ ಚಕ್ರವರ್ತಿ. 2013ರಲ್ಲಿ ಸುಸ್ಮಿತ್ ಸೇನ್ ಕೂಡ ಬಿಟ್ಟರು, ಗಿಟಾರಿಗೆ ನಿಖಿಲ್ ರಾವ್ ಬಂದರು. ಅಂದರೆ ‘ಕಂದೀಸಾ’ ಮಾಡಿದ ನಾಲ್ವರಲ್ಲಿ ಈಗ ವೇದಿಕೆ ಮೇಲಿರುವವರು ಇಬ್ಬರೇ.

ಇದನ್ನು ನೋಡೋಕೆ ಹೋದ ಹಳೇ ಅಭಿಮಾನಿ ಏನು ಮಾಡುತ್ತಾನೆ? ಮೊದಲ ಮೂರು ಹಾಡು ಸುಮ್ನೆ ಕೈಕಟ್ಟಿ ನಿಂತಿರುತ್ತಾನೆ. ಅಶೀಮ್ ಇಲ್ಲವಲ್ಲ ಅಂತ ನೋಡುತ್ತಿರುತ್ತಾನೆ. ಕಣ್ಣು ಖಾಲಿ ಜಾಗದ ಮೇಲೆ. ನಾನೂ ಹಾಗೆ ನಿಂತವನೇ. ಆದರೆ ನನ್ನ ಕಸುಬಿನ ಕಿವಿ ಸುಮ್ಮನಿರಲ್ಲ. ಹಾಡುವವನು ಬೇರೆ, ತಬಲಾದವನು ಬೇರೆ ಆದಾಗ ಹಾಡಿನ ಒಳಗೆ ಏನೋ ಬದಲಾಗಿತ್ತು. ಮೊದಲು ತಬಲಾ ಹಾಡಿಗೆ ಜಾಗ ಬಿಡುತ್ತಿತ್ತು, ಯಾಕಂದರೆ ಎರಡೂ ಒಬ್ಬರದೇ. ಈಗ ತಬಲಾ ಹಾಡಿನ ಜೊತೆ ಮಾತಿಗೆ ಇಳಿಯುತ್ತದೆ, ತಿರುಗಿ ಉತ್ತರ ಕೊಡುತ್ತದೆ. ಅದು ಕ್ಯಾಸೆಟ್‌ನಲ್ಲಿ ಇಲ್ಲ. ಇಲ್ಲದ್ದನ್ನು ಹುಡುಕುತ್ತಾ ನಿಂತವನಿಗೆ ಬಂದಿರುವುದು ಕೇಳಿಸುವುದೇ ಇಲ್ಲ. ನಾನು ಹೇಳಬೇಕು ಅಂತಿರೋದು ಇಷ್ಟೇ, ಉಳಿದದ್ದೆಲ್ಲ ಇದರ ವಿವರ.

ಈಗ ವಾಯ್ಸ್ ವಿಷಯಕ್ಕೆ ಬರೋಣ.

ವಾಯ್ಸ್ ಹೋಗುತ್ತದೆ, ನಿಜ. ಅದನ್ನು ಇಲ್ಲ ಅನ್ನೋಕೆ ನಾನು ಬಂದಿಲ್ಲ. ವಯಸ್ಸಾದ ಹಾಗೆ ಗಂಟಲಿನ ಒಳಗಿನ ತಂತುಗಳು ಗಡುಸಾಗುತ್ತವೆ, ಶ್ವಾಸಕೋಶ ಮೊದಲಿನಷ್ಟು ಹಿಗ್ಗುವುದಿಲ್ಲ, ಮೇಲಿನ ಸ್ವರಗಳು ಒಂದೊಂದಾಗಿ ಕೈಬಿಡುತ್ತವೆ. ಅದರ ಜೊತೆ ಇನ್ನೊಂದು ನೋಡಿ. ಈ ರಾಕ್ ಹಾಡುಗಳನ್ನು ಅವರು ಬರೆದದ್ದು ಇಪ್ಪತ್ತರ ಹರೆಯದಲ್ಲಿ. ಸ್ಟುಡಿಯೋದಲ್ಲಿ ಕೂತು, ಸರಿ ಬರುವ ತನಕ ಮತ್ತೆ ಮತ್ತೆ ಹಾಡಿ, ಚೆನ್ನಾಗಿ ಬಂದದ್ದನ್ನು ಇಟ್ಟುಕೊಂಡರು. ಡೀಪ್ ಪರ್ಪಲ್‌ನ ಇಯಾನ್ ಗಿಲನ್ 1970ರಲ್ಲಿ ‘ಚೈಲ್ಡ್ ಇನ್ ಟೈಮ್’ ಹಾಡಿದರಲ್ಲ, ಆ ಚೀರುವ ಭಾಗ ಯಾರಿಗೆ ಗೊತ್ತಿಲ್ಲ! ಆಗ ಅವರಿಗೆ ಇನ್ನೂ ಇಪ್ಪತ್ತೈದು ಆಗಿತ್ತೋ ಇಲ್ಲವೋ. ಆ ಹಾಡನ್ನು ಅವರು ವೇದಿಕೆಯಲ್ಲಿ ಹಾಡುವುದು ಬಿಟ್ಟು ಇಪ್ಪತ್ತು ವರ್ಷಕ್ಕೂ ಜಾಸ್ತಿ ಆಯಿತು. ಆಗಲ್ಲ ಅಂತ ಗೊತ್ತಾಯಿತು, ಬಿಟ್ಟರು. ನನಗೆ ಅದರಲ್ಲಿ ಮರ್ಯಾದೆ ಕಾಣುತ್ತದೆ.

ಇನ್ನೊಂದು ದಾರಿ ಶ್ರುತಿ ಇಳಿಸೋದು. ಅಮೆರಿಕದ ಮೆಟಾಲಿಕಾ ಬ್ಯಾಂಡಿನವರು 1990ರ ದಶಕದ ಮಧ್ಯದಿಂದ ವೇದಿಕೆ ಮೇಲೆ ತಮ್ಮ ಹಳೇ ಹಾಡುಗಳನ್ನು ಅರ್ಧ ಸ್ವರ ಕೆಳಗೆ ನುಡಿಸುತ್ತಾ ಬಂದಿದ್ದಾರೆ. ಹಾರ್ಮೋನಿಯಂ ಮುಂದೆ ಕೂತು, ಇದ್ದ ಕೀಯಿಂದ ಎಡಗಡೆಗೆ ಪಕ್ಕದ ಒಂದು ಕೀಗೆ ಹೋಗಿ, ಕರಿಯದೋ ಬಿಳಿಯದೋ, ಅಷ್ಟೇ ಇಳಿತ. ಹಾಡುವವನಿಗೆ ಅಷ್ಟು ಸಾಕು, ಎರಡು ಗಂಟೆ ಗಂಟಲು ಉಳಿಯುತ್ತದೆ. ಗಿಟಾರಿನ ತಂತಿ ಸ್ವಲ್ಪ ಸಡಿಲವಾಗುತ್ತದೆ, ಅದಕ್ಕೆ ಕೆಲವರು ದಪ್ಪ ತಂತಿ ಹಾಕುತ್ತಾರೆ, ಆಗ ದನಿ ಇನ್ನೂ ಭಾರವಾಗಿ ಬರುತ್ತದೆ. 2011ರ ಅಕ್ಟೋಬರ್ 30ಕ್ಕೆ ಅವರು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದರು. ಅದಕ್ಕೆ ಎರಡು ದಿನ ಮುಂಚೆ ದೆಹಲಿ ಪಕ್ಕದ ಗುರಗಾಂವ್‌ನಲ್ಲಿ ಆಗಬೇಕಿದ್ದ ಶೋ ರದ್ದಾಗಿ ಗಲಾಟೆಯಾಗಿತ್ತು. ಹಾಗಾಗಿ ಬೆಂಗಳೂರಿನದ್ದೂ ಆಗುತ್ತೋ ಇಲ್ಲವೋ ಅನ್ನುವ ಭಯದಲ್ಲೇ ನಮ್ಮವರು ಹಾಸನದಿಂದ ಹೊರಟಿದ್ದರು. ಅವತ್ತು ಮೈದಾನದಲ್ಲಿ ಕುಣಿದವರಲ್ಲಿ ಎಷ್ಟು ಜನ “ಅಯ್ಯೋ ಅರ್ಧ ಸ್ವರ ಕಮ್ಮಿ” ಅಂದರು? ಒಬ್ಬನೂ ಇಲ್ಲ. ಮನೆಗೆ ಬಂದು ಮೊಬೈಲಿನ ವಿಡಿಯೋವನ್ನೂ ಹಳೇ ಆಲ್ಬಮ್ಮನ್ನೂ ಪಕ್ಕಪಕ್ಕ ಇಟ್ಟು ಕೇಳಿದ ಮೇಲೆ ಕಂಪ್ಲೇಂಟ್ ಶುರು.

ಇದೇ ಜನ ಕರ್ನಾಟಕ ಸಂಗೀತದ ಕಛೇರಿಗೆ ಹೋದರೆ ಎಷ್ಟು ಒಳ್ಳೆ ಕೇಳುಗರಾಗುತ್ತಾರೆ ನೋಡಿ! ನಮ್ಮ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ. ಕಾವೇರಿ ದಂಡೆ ಮೇಲಿನ ಆ ಒಂದು ಊರಿನಿಂದ ಅದೆಷ್ಟು ಸಂಗೀತಗಾರರು ಬಂದರು ಅಂತ ನಿಮಗೇ ಗೊತ್ತು. ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಅವರು 1920ರವರು, ತೀರಿಕೊಂಡದ್ದು 2014ರಲ್ಲಿ. ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದರು. ಕೇಳೋಕೆ ಹೋದವರು ಎದ್ದು ನಿಂತು “ಸ್ವಾಮಿ, ನಲವತ್ತು ವರ್ಷದ ಹಿಂದೆ ರೇಡಿಯೋದಲ್ಲಿ ಹಾಡಿದ ಹಾಗೇ ಹಾಡಿ” ಅಂದರಾ? ಕಿವಿ ಕೊಟ್ಟು ಕೂತರು. ಈ ವಯಸ್ಸಿನಲ್ಲಿ ರಾಗದ ಯಾವ ಜಾಗದಲ್ಲಿ ನಿಲ್ಲುತ್ತಾರೆ, ಸಾಹಿತ್ಯವನ್ನು ಹೇಗೆ ಒತ್ತಿ ಹೇಳುತ್ತಾರೆ, ಅದನ್ನು ಕೇಳಿದರು. ಹಾಡುವವರು ತಮಗೆ ಹೊಂದುವ ಶ್ರುತಿ ಹಿಡಿಯೋದು, ವಯಸ್ಸಾದ ಮೇಲೆ ಇಳಿಸಿಕೊಳ್ಳೋದು ಅಲ್ಲಿ ಮಾಮೂಲಿ. ಅದು ಸುದ್ದಿಯೇ ಅಲ್ಲ. ಅದೇ ಕಿವಿ ರಾಕ್ ಕೇಳೋಕೆ ಹೋದಾಗ ಮಾತ್ರ ಯಾಕೆ ಲೆಕ್ಕಪರಿಶೋಧಕರ ಹಾಗೆ ಆಗುತ್ತದೆ?

ನನಗೆ ಅನಿಸುವ ಕಾರಣ ಕ್ಯಾಸೆಟ್. ಇಲ್ಲಿ ಸ್ವಲ್ಪ ಕಸುಬಿನ ಗುಟ್ಟು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಅದು ಲೆಕ್ಕ. ಆದರೆ ಮನೆಯಲ್ಲಿದ್ದ ಟೇಪ್ ರೆಕಾರ್ಡರುಗಳು ಅಷ್ಟು ಸರಿಯಾಗಿ ಓಡುತ್ತಿದ್ದವಾ? ಬೆಲ್ಟು ಸಡಿಲವಾದರೆ ನಿಧಾನ. ಸೆಲ್ಲು ಇಳಿದರೆ ನಿಧಾನ. ಮೋಟರು ಬಿಸಿಯಾದರೆ ಅದರದ್ದೇ ಒಂದು ಲಹರಿ. ಟೇಪು ನೂರಕ್ಕೆ ಆರು ಪಾಲು ನಿಧಾನವಾದರೆ ಇಡೀ ಹಾಡು ಅರ್ಧ ಸ್ವರ ಇಳಿದುಹೋಗುತ್ತದೆ. ಅಂದರೆ ಮೆಟಾಲಿಕಾ ವೇದಿಕೆ ಮೇಲೆ ಬೇಕಂತಲೇ ಇಳಿಸಿಕೊಂಡದ್ದನ್ನು ನಮ್ಮ ಮನೆಯ ಟೇಪ್ ರೆಕಾರ್ಡರು ಎವರೆಡಿ ಸೆಲ್ಲು ಇಳಿದ ದಿನವೆಲ್ಲ ಪುಕ್ಕಟೆ ಮಾಡಿಕೊಡುತ್ತಿತ್ತು. ಅದರ ಮೇಲೆ, ನನ್ನ ಹತ್ತಿರ ಬರುತ್ತಿದ್ದ ಕ್ಯಾಸೆಟ್ಟೇ ಎಷ್ಟೋ ಸಲ ಕಾಪಿ. ಬೆಂಗಳೂರಿನಲ್ಲಿ ಯಾರೋ ಮಾಡಿದ ಕಾಪಿಯ ಕಾಪಿ. ಒಂದೊಂದು ಸಲ ಕಾಪಿ ಮಾಡಿದಾಗಲೂ ಮೇಲಿನ ಸದ್ದು ಸ್ವಲ್ಪ ಹೋಗಿ, ಸುಂಯ್ ಅನ್ನೋದು ಸ್ವಲ್ಪ ಸೇರಿಕೊಳ್ಳುತ್ತದೆ. ಇಪ್ಪತ್ತು ಮೂವತ್ತು ವರ್ಷ ನಮ್ಮ ತಲೆಯಲ್ಲಿ ‘ಒರಿಜಿನಲ್’ ಅಂತ ಕೂತಿರುವುದು ಇಂಥದ್ದು. ಹಾಸನದ ಒಂದು ಡೆಕ್ಕಿನ ವೇಗದಲ್ಲಿ ಓಡಿದ ಹಾಡು. ಅದನ್ನು ಅಳತೆಗೋಲು ಮಾಡಿಕೊಂಡು ಗಿಲನ್ ಅವರನ್ನು ಅಳೆಯುತ್ತೀವಿ, ಸರೀನಾ?

ಕೆಲವು ಹಾಡಿನ ಕೊನೆ ನಿಮ್ಮಲ್ಲಿ ಕೆಲವರಿಗೆ ಗೊತ್ತೇ ಇಲ್ಲ. ಅರವತ್ತು ನಿಮಿಷದ ಕ್ಯಾಸೆಟ್ಟಿನ ಎ ಸೈಡು ಮುಗಿದುಹೋಗಿರುತ್ತಿತ್ತು. ಲೈವ್ ಶೋನಲ್ಲಿ ಅದೇ ಹಾಡು ಇನ್ನೂ ಎರಡು ನಿಮಿಷ ನಡೆದಾಗ ಪಕ್ಕದವನು “ಎಳೀತಾವ್ರೆ” ಅಂದಿದ್ದ. ಎಳೆದಿರಲಿಲ್ಲ, ಅದು ಇದ್ದದ್ದೇ ಹಾಗೆ.

ಇನ್ನೊಂದು ಮಾತು, ಇದು ಸ್ವಲ್ಪ ನೋಯಿಸಬಹುದು. ಅವರ ಗಂಟಲಿಗೆ ವಯಸ್ಸಾಯಿತು, ಸರಿ. ನಮ್ಮ ಕಿವಿಗೆ? ಮನುಷ್ಯನ ಕಿವಿ 20,000 ಹರ್ಟ್ಜ್ ತನಕ ಕೇಳುತ್ತದೆ ಅಂತ ಪುಸ್ತಕದಲ್ಲಿರುತ್ತದೆ. ಅದು ಹುಡುಗರ ಕಿವಿ. ವಯಸ್ಸಾದ ಹಾಗೆ ಮೇಲಿನಿಂದಲೇ ಕಡಿಮೆಯಾಗುತ್ತಾ ಬರುತ್ತದೆ. ಐವತ್ತು ದಾಟಿದ ಬಹಳ ಜನರಿಗೆ 12,000ದ ಆಚೆ ಏನೂ ಕೇಳುವುದಿಲ್ಲ. ಸಿಂಬಲ್ಲಿನ ಹೊಳಪು, ಹಾಡುವವನ ಉಸಿರು, ‘ಸ’ಕಾರದ ಚೂಪು, ಇವೆಲ್ಲ ಮೇಲಿನ ಕಡೆ ಇರುತ್ತವೆ. “ಸೌಂಡ್ ಮಂದವಾಗಿತ್ತು ಕಣಣ್ಣ” ಅಂತ ನನಗೆ ಹೇಳುವವರಿಗೆ ನಾನು ಈಗ ಮೊದಲು ವಯಸ್ಸು ಕೇಳುತ್ತೇನೆ. ಅದರಲ್ಲೂ ವಾಕ್‌ಮನ್ ಕಿವಿಗೆ ಹಾಕಿಕೊಂಡು ಬೆಳೆದವರು, ಡಿಜೆ ಮುಂದೆ ನಿಂತು ಕುಣಿದವರು, ನನ್ನಂಥ ಮೈಕ್‌ಸೆಟ್‌ನವರು, ನಮ್ಮ ಕಿವಿಯ ಕತೆ ಇನ್ನೂ ಕಷ್ಟ.

ಇದು ಬ್ಯಾಂಡಿನವರಿಗೂ ತಪ್ಪಿದ್ದಲ್ಲ. ಎಸಿ/ಡಿಸಿ ಬ್ಯಾಂಡಿನ ಹಾಡುಗಾರ ಬ್ರಯನ್ ಜಾನ್ಸನ್ 2016ರಲ್ಲಿ ಟೂರ್ ನಡುವೆಯೇ ನಿಲ್ಲಿಸಬೇಕಾಯಿತು. ಹೀಗೇ ಮುಂದುವರಿಸಿದರೆ ಕಿವಿ ಪೂರ್ತಿ ಹೋಗುತ್ತದೆ ಅಂದರು ಡಾಕ್ಟರು. ಉಳಿದ ಶೋಗಳನ್ನು ಗನ್ಸ್ ಎನ್ ರೋಸಸ್‌ನ ಆಕ್ಸಲ್ ರೋಸ್ ಹಾಡಿ ಮುಗಿಸಿದರು. ಜಾನ್ಸನ್ ಆಮೇಲೆ ವಾಪಸ್ ಬಂದರು, ಅದು ಬೇರೆ ಕತೆ.

ಕಿವಿ ವಿಷಯ ಬಂತು ಅಂತ ಎಲ್ಲಿ ನಿಲ್ಲಬೇಕು ಅನ್ನೋದನ್ನೂ ಹೇಳಿಬಿಡುತ್ತೇನೆ. ದೊಡ್ಡ ಮೈದಾನದಲ್ಲಿ ಸದ್ದು ಓಡುವುದು ಸೆಕೆಂಡಿಗೆ ಸುಮಾರು 340 ಮೀಟರ್. ಬಹಳ ವೇಗ ಅನಿಸುತ್ತದೆ, ಆದರೆ ಹಾಡಿನ ಲೆಕ್ಕದಲ್ಲಿ ನಿಧಾನ. ನಿಮಿಷಕ್ಕೆ 120 ಹೊಡೆತದ ಹಾಡು ಅಂತ ಇಟ್ಟುಕೊಳ್ಳಿ. ವೇದಿಕೆಯಿಂದ 170 ಮೀಟರ್ ಹಿಂದೆ ನಿಂತವನಿಗೆ ವೇದಿಕೆಯ ಸದ್ದು ಸರಿಯಾಗಿ ಒಂದು ಹೊಡೆತ ತಡವಾಗಿ ಬರುತ್ತದೆ. ದೊಡ್ಡ ಪರದೆ ಮೇಲೆ ಡ್ರಮ್ಮರ್ ಕೋಲು ಕೆಳಗೆ ಬಂದಿರುತ್ತದೆ, ಸದ್ದು ಆಮೇಲೆ. ಅದಕ್ಕೇ ಮೈದಾನದ ಮಧ್ಯೆ ಇನ್ನೊಂದಷ್ಟು ಸ್ಪೀಕರ್ ಕಂಬ ನಿಲ್ಲಿಸಿ, ಅವುಗಳಿಗೆ ಹೋಗುವ ಸದ್ದನ್ನು ಬೇಕಂತ ತಡ ಮಾಡುತ್ತಾರೆ, ಮುಂದಿನ ಸ್ಪೀಕರಿನ ಸದ್ದು ಅಲ್ಲಿಗೆ ಬಂದು ಸೇರುವ ಹೊತ್ತಿಗೆ ಇದೂ ಹೊರಡಲಿ ಅಂತ. ಇಷ್ಟೆಲ್ಲ ಮಾಡಿದರೂ ಗಾಳಿ ತಿರುಗಿದರೆ ಸದ್ದು ಅಲೆ ಅಲೆಯಾಗಿ ಬರುತ್ತದೆ. ಆಗ ಹಿಂದೆ ನಿಂತವನು ಹೇಳೋದು ಏನು? ಅದೇ, ವಾಯ್ಸ್ ಹೋಗಿದೆ.

ನೀವು ಮಿಕ್ಸರ್ ಇಟ್ಟಿರುತ್ತಾರಲ್ಲ, ಮೈದಾನದ ಮಧ್ಯೆ ಟೆಂಟ್ ಹಾಕಿಕೊಂಡು, ಅದರ ಹತ್ತಿರ ನಿಲ್ಲಿ. ಆ ಸೌಂಡ್ ಇಂಜಿನಿಯರ್ ತನ್ನ ಕಿವಿಗೆ ಸರಿ ಕೇಳುವ ಹಾಗೆ ತಾನೇ ಇಡುತ್ತಾನೆ? ಅವನಿಗೆ ಕೇಳಿಸಿದ್ದೇ ನಿಮಗೂ ಕೇಳಿಸುತ್ತದೆ. ಬೇಲಿಗೆ ಒರಗಿಕೊಂಡು ಮುಂದೆ ನಿಂತರೆ ಬೆವರು ಕಾಣುತ್ತದೆ, ಹಾಡು ಕೇಳಲ್ಲ. ಹುಡುಗರು ಹೋಗಲಿ ಅಲ್ಲಿಗೆ. ಇನ್ನು ಕಿವಿಗೆ ಬೆಣೆ, ಇಯರ್‌ಪ್ಲಗ್. 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಇರಬಹುದು ಅಂತ ಅಮೆರಿಕದ ಕೆಲಸಗಾರರ ಆರೋಗ್ಯದ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧ. 100 ಡೆಸಿಬೆಲ್‌ಗೆ ಬರುವಷ್ಟರಲ್ಲಿ ಉಳಿಯೋದು ಬರೀ ಕಾಲು ಗಂಟೆ. ರಾಕ್ ಶೋ ಎರಡು ಗಂಟೆ. ಲೆಕ್ಕ ನೀವೇ ಹಾಕಿ. ಹತ್ತಿ ತುರುಕಿಕೊಂಡರೆ ಸಾಲಲ್ಲ, ಅದಕ್ಕೆ ಅಂತಲೇ ಮಾಡಿದ್ದು ಸಿಗುತ್ತದೆ, ತಗೊಳ್ಳಿ. ಮೂರು ಸಾವಿರದ ಟಿಕೆಟ್ಟಿಗೆ ಚೌಕಾಸಿ ಮಾಡದವರು ಮುನ್ನೂರರ ಬೆಣೆಗೆ ಯೋಚನೆ ಮಾಡ್ತೀರಿ.

ಜನ ಬದಲಾಗುವ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕಂದರೆ ಜಾಸ್ತಿ ಜಗಳ ಆಗೋದು ಅಲ್ಲೇ. “ಇವರು ಅದೇ ಬ್ಯಾಂಡಾ?” ಐರನ್ ಮೇಡನ್ ತಗೊಳ್ಳಿ. 2007ರ ಮಾರ್ಚ್ 17ಕ್ಕೆ ಅರಮನೆ ಮೈದಾನಕ್ಕೆ ಬಂದರು. ಅಷ್ಟು ದೊಡ್ಡ ಹೆವಿ ಮೆಟಲ್ ಬ್ಯಾಂಡ್ ನಮ್ಮ ಕಡೆ ಕಾಲಿಟ್ಟದ್ದೇ ಆವಾಗ. ಅವರಿಗಿಂತ ಮೊದಲು ವೇದಿಕೆ ಹತ್ತಿದವರಲ್ಲಿ ದೆಹಲಿಯ ‘ಪರಿಕ್ರಮ’ ಬ್ಯಾಂಡ್ ಇತ್ತು. ಅವರೂ 1991ರವರು, ಅವರೇ ಹಳಬರು! ಆ ದಿನ ಹಾಸನ, ಮೈಸೂರು, ಮಂಗಳೂರು ಎಲ್ಲಾ ಕಡೆಯಿಂದ ಕಪ್ಪು ಟೀ ಶರ್ಟು ಹಾಕಿಕೊಂಡವರು ಬಂದಿದ್ದರು. ಗಿಟಾರಿನ ರಾಗವನ್ನೇ ಜನ ಓ ಓ ಅಂತ ಹಾಡುತ್ತಿದ್ದರು. ಪದ ಅಲ್ಲ, ಗಿಟಾರಿನ ರಾಗ. ಮೈದಾನ ಪೂರ್ತಿ. ಅದು ಯಾವ ಸ್ಟುಡಿಯೋ ಆಲ್ಬಮ್ಮಿನಲ್ಲೂ ಇಲ್ಲ, ಅದನ್ನು ನುಡಿಸಿದ್ದು ನಾವು.

ಆ ಬ್ಯಾಂಡನ್ನು 1975ರಲ್ಲಿ ಕಟ್ಟಿದವರಲ್ಲಿ ಇವತ್ತಿಗೂ ಉಳಿದಿರೋದು ಸ್ಟೀವ್ ಹ್ಯಾರಿಸ್ ಒಬ್ಬರೇ. ನಾವು ಆರಾಧಿಸುವ ಹಾಡುಗಾರ ಬ್ರೂಸ್ ಡಿಕಿನ್ಸನ್ ಕೂಡ ಮೊದಲಿನವರಲ್ಲ, ಮಧ್ಯದಲ್ಲಿ ಬಂದು, ಬಿಟ್ಟು ಹೋಗಿ, 1999ರಲ್ಲಿ ವಾಪಸ್ ಬಂದವರು. 2014ರ ಕೊನೆಗೆ ಅವರ ನಾಲಿಗೆ ಬುಡದಲ್ಲಿ ಕ್ಯಾನ್ಸರ್ ಗೊತ್ತಾಯಿತು. ಚಿಕಿತ್ಸೆ ಮುಗಿಸಿಕೊಂಡು ಮತ್ತೆ ವೇದಿಕೆ ಹತ್ತಿದರು. ಡ್ರಮ್ಮರ್ ನಿಕೋ ಮೆಕ್‌ಬ್ರೇನ್‌ಗೆ 2023ರ ಜನವರಿಯಲ್ಲಿ ಪಾರ್ಶ್ವವಾಯು. ಆಮೇಲೂ ಟೂರ್ ಮಾಡಿದರು. ಕೆಲವು ಕಡೆ ಕೈ ಮೊದಲಿನ ಹಾಗೆ ಓಡುವುದಿಲ್ಲ ಅಂತ ಅವರೇ ಹೇಳಿಕೊಂಡರು. 2024ರ ಡಿಸೆಂಬರ್ 7ಕ್ಕೆ ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ಕೊನೆಯ ಶೋ ನುಡಿಸಿ ಇಳಿದರು. ಎಪ್ಪತ್ತೆರಡು ವರ್ಷ. ಡ್ರಮ್ಸ್ ಅಂದರೆ ಕೂತುಕೊಂಡು ಮಾಡುವ ಕೂಲಿ ಕೆಲಸ, ಗೊತ್ತಿದ್ದವರಿಗೆ ಗೊತ್ತು. ಪಾರ್ಶ್ವವಾಯು ಆದ ಮೇಲೆ ಆ ಎರಡು ವರ್ಷದ ಶೋ ನೋಡಿದವರು ಏನು ನೋಡಿದರು ಅಂತ ಯೋಚಿಸಿ. ಒಬ್ಬ ಮನುಷ್ಯ ತನ್ನ ಕೈಗೆ ಈಗ ಬಾರದ್ದನ್ನು ಸುತ್ತಿ ಬೇರೆ ದಾರಿಯಲ್ಲಿ ಹಾಡು ಮುಟ್ಟಿಸುತ್ತಿದ್ದ. ಅದನ್ನು ಕೇಳೋಕೆ ಕಿವಿ ಬೇಕು. ‘ಮೊದಲಿನಷ್ಟು ಫಾಸ್ಟ್ ಇಲ್ಲ’ ಅನ್ನೋಕೆ ಏನೂ ಬೇಕಾಗಿಲ್ಲ.

ರೋಲಿಂಗ್ ಸ್ಟೋನ್ಸ್ 2003ರ ಏಪ್ರಿಲ್ 4ಕ್ಕೆ ಇದೇ ಅರಮನೆ ಮೈದಾನಕ್ಕೆ ಬಂದಾಗ ಅವರ ಹಾಡುಗಾರ ಮಿಕ್ ಜಾಗರ್‌ಗೆ ಅರವತ್ತಕ್ಕೆ ಕೆಲವೇ ತಿಂಗಳು ಬಾಕಿ. ಇನ್ನು ನೋಡೋಕೆ ಸಿಗಲ್ಲ, ಇದೇ ಕೊನೆ ಅಂತ ಆಗ ಹೇಳಿದವರು ಬಹಳ. ಆ ಮನುಷ್ಯ 2024ರಲ್ಲೂ ಟೂರ್ ಮಾಡಿದರು, ಎಂಬತ್ತರಲ್ಲಿ. ಅವರು ಮುದುಕರಾದರು ಅಂತ ಅವತ್ತು ಬರೆದ ಕೆಲವರು ಈಗ ರಿಟೈರ್ ಆಗಿ ಮನೆಯಲ್ಲಿರಬಹುದು.

ಹೊಸ ಹಾಡಿನ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಹಳೇ ಬ್ಯಾಂಡು “ಇದು ನಮ್ಮ ಹೊಸ ಆಲ್ಬಮ್ಮಿನದು” ಅಂದ ತಕ್ಷಣ ಹಳೇ ಅಭಿಮಾನಿಗಳು ಎದ್ದು ಟಾಯ್ಲೆಟ್ಟಿಗೋ ಬಿರಿಯಾನಿ ಸ್ಟಾಲಿಗೋ ಹೊರಡುತ್ತಾರೆ. ನನಗೆ ಇದು ಅವಮಾನ ಅನಿಸುತ್ತದೆ. ಐರನ್ ಮೇಡನ್ 2006ರಲ್ಲಿ ಹೊಸ ಆಲ್ಬಮ್ ಬಂದಾಗ ಮೊದಲ ಹಾಡಿನಿಂದ ಕೊನೆಯ ಹಾಡಿನ ತನಕ ಅದನ್ನೇ ಪೂರ್ತಿ ನುಡಿಸಿ ಟೂರ್ ಮಾಡಿದರು. ಗೊಣಗಿದವರು ಗೊಣಗಿದರು. ಬ್ಯಾಂಡು ಜೀವಂತ ಇದೆ ಅಂತ ಗೊತ್ತಾಗುವುದೇ ಅಲ್ಲಿ. ಹಳೇ ಹಾಡನ್ನಷ್ಟೇ ನುಡಿಸುವುದಾದರೆ ನಮ್ಮ ಆರ್ಕೆಸ್ಟ್ರಾದವರೇ ಸಾಕಲ್ವಾ, ಅವರು ಕಮ್ಮಿಗೂ ಬರುತ್ತಾರೆ, ಊಟ ಹಾಕಿದರೆ ಇನ್ನೂ ಖುಷಿ.

ಹಾಗಾದರೆ ಏನು ಮಾಡಿದರೂ ಸರೀನಾ ಅಂತ ಕೇಳಬಹುದು. ಇಲ್ಲ. ನನ್ನದೊಂದು ಗೆರೆ ಇದೆ. ಶ್ರುತಿ ಇಳಿಸಿ, ಒಪ್ಪಿದೆ. ಆಗದ ಹಾಡು ಬಿಡಿ, ಒಪ್ಪಿದೆ. ಕಷ್ಟದ ಸಾಲನ್ನು ಜನರ ಕಡೆ ಮೈಕು ತಿರುಗಿಸಿ ಅವರಿಂದ ಹಾಡಿಸಿ, ಅದೂ ಒಂದು ಕಲೆ. ಕೀಬೋರ್ಡಿನ ಚೂರುಪಾರು ಕಂಪ್ಯೂಟರಿನಿಂದ ಬರಲಿ, ಡ್ರಮ್ಮರ್ ಕಿವಿಯಲ್ಲಿ ಟಿಕ್ ಟಿಕ್ ಓಡಲಿ, ಈಗಿನ ಕಾಲದಲ್ಲಿ ಅದು ನಡೆಯುತ್ತದೆ. ಆದರೆ ಹಾಡುವವನ ದನಿಯನ್ನೇ ಮೊದಲು ರೆಕಾರ್ಡ್ ಮಾಡಿ, ಅದನ್ನೇ ಸ್ಪೀಕರಿನಲ್ಲಿ ಹಾಕಿ, ಮೈಕಿನ ಮುಂದೆ ಸುಮ್ನೆ ಬಾಯಿ ಆಡಿಸುವುದು, ಅದು ಮೋಸ. ನಾನು ಮಿಕ್ಸರ್ ಮುಂದೆ ಕೂತವನು, ಮೈಕಿನ ದನಿ ಏರಿಸಿ ಇಳಿಸುವ ಫೇಡರ್ ಕೆಳಗಿದ್ದೂ ದನಿ ಬರುವುದನ್ನು ಸಣ್ಣ ಸಣ್ಣ ಕಾರ್ಯಕ್ರಮಗಳಲ್ಲೇ ನೋಡಿದ್ದೇನೆ. ಈ ಮೋಸಕ್ಕೆ ಕಾರಣ ಯಾರು? ಅರ್ಧ ನಾವೇ. ಕ್ಯಾಸೆಟ್‌ನಲ್ಲಿ ಇದ್ದಂಗೇ ಬೇಕು ಅಂತ ಹಟ ಹಿಡಿದರೆ ಅವರು ಕ್ಯಾಸೆಟ್ಟನ್ನೇ ಹಾಕುತ್ತಾರೆ.

ವಯಸ್ಸೇ ಆಗದ ಬ್ಯಾಂಡು ಬೇಕು ಅನ್ನುವವರಿಗೆ ಅದೂ ಸಿಗುತ್ತದೆ. 2022ರ ಮೇ ತಿಂಗಳಿನಿಂದ ಲಂಡನ್ನಿನಲ್ಲಿ ‘ಅಬ್ಬಾ’ ಅನ್ನುವ ಸ್ವೀಡನ್ನಿನ ಹಾಡುಗಾರರ ತಂಡದ ಶೋ ನಡೆಯುತ್ತಿದೆ. ವೇದಿಕೆ ಮೇಲೆ ಕಾಣುವುದು ಕಂಪ್ಯೂಟರಿನಲ್ಲಿ ಮಾಡಿದ, 1970ರ ದಶಕದ ವಯಸ್ಸಿನ ಅಬ್ಬಾ. ಅವರ ಜೊತೆ ನುಡಿಸುವ ವಾದ್ಯದವರು ಮಾತ್ರ ನಿಜವಾದ ಮನುಷ್ಯರು. ಅದಕ್ಕೆ ಅಂತಲೇ ಒಂದು ಕಟ್ಟಡ ಕಟ್ಟಿದ್ದಾರೆ. ಕಿಸ್ ಬ್ಯಾಂಡಿನವರು 2023ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಕೊನೆಯ ಶೋ ಮುಗಿಸಿದ ರಾತ್ರಿಯೇ, ಮುಂದೆ ನಮ್ಮದೂ ಇಂಥದ್ದೇ ಬರುತ್ತದೆ ಅಂತ ಪರದೆ ಮೇಲೆ ತೋರಿಸಿದರು. ಹೋಗಿ ನೋಡುವವರು ನೋಡಲಿ. ನನಗೆ ಕುತೂಹಲ ಇದೆ, ಸೌಂಡ್ ಹೇಗೆ ಮಾಡಿದ್ದಾರೆ ಅಂತ ನೋಡಬೇಕು. ಆದರೆ ಅಲ್ಲಿ ಯಾರೂ ತಪ್ಪು ನುಡಿಸುವುದಿಲ್ಲ, ಯಾರೂ ಉಸಿರು ಎಳೆದುಕೊಳ್ಳುವುದಿಲ್ಲ. ಇವತ್ತಿನ ಜನ ಜೋರಾಗಿ ಹಾಡಿದರು ಅಂತ ಆ ಬೊಂಬೆಗಳು ಇನ್ನೊಂದು ಸುತ್ತು ಜಾಸ್ತಿ ನುಡಿಸುವುದಿಲ್ಲ.

ಸಕಲೇಶಪುರದ ಕಡೆ ನನಗೊಬ್ಬರು ಸ್ನೇಹಿತರಿದ್ದಾರೆ, ಕಾಫಿ ತೋಟದವರು. ಇಂಡಿಯನ್ ಓಷನ್ ನೋಡೋಕೆ ಪಿಯುಸಿ ಓದುವ ಮಗಳನ್ನು ಕರೆದುಕೊಂಡು ಬಂದಿದ್ದರು. ಇವರು ದಾರಿಯುದ್ದಕ್ಕೂ ಅಶೀಮ್ ಹೀಗೆ, ಅಶೀಮ್ ಹಾಗೆ ಅಂತ ಹೇಳಿಕೊಂಡೇ ಬಂದರಂತೆ. ಶೋ ಮುಗಿದ ಮೇಲೆ ಆ ಹುಡುಗಿ ಕೇಳಿದ್ದು, “ಅಪ್ಪಾ, ಆ ತಬಲಾ ಅಂಕಲ್ ಹೆಸರೇನು? ಅವರದ್ದು ಬೇರೆ ಏನೇನಿದೆ?” ಅವಳಿಗೆ ಖಾಲಿ ಜಾಗ ಕಾಣಲೇ ಇಲ್ಲ. ಅಪ್ಪನಿಗೆ ಮೊದಲು ಸ್ವಲ್ಪ ಕಸಿವಿಸಿ. ಆಮೇಲೆ ಅವರೂ ಕೂತು ಹೊಸದನ್ನು ಕೇಳೋಕೆ ಶುರು ಮಾಡಿದ್ದಾರೆ. ತೋಟದಲ್ಲಿ ನೆಟ್‌ವರ್ಕ್ ಸಿಗುವ ಒಂದೇ ಮೂಲೆಯಲ್ಲಿ ಅಪ್ಪ ಮಗಳು ಇಬ್ಬರೂ ಮೊಬೈಲು ಹಿಡಿದು ನಿಂತಿರುತ್ತಾರಂತೆ.

ಮೊಬೈಲು ಅಂದಾಗ ನೆನಪಾಯಿತು. ಐರನ್ ಮೇಡನ್ 2025ರಲ್ಲಿ ಐವತ್ತು ವರ್ಷದ ಟೂರ್ ಶುರು ಮಾಡುವ ಮುಂಚೆ ಅವರ ಮ್ಯಾನೇಜರ್ ರಾಡ್ ಸ್ಮಾಲ್‌ವುಡ್ ಅಭಿಮಾನಿಗಳಿಗೆ ಮನವಿ ಮಾಡಿಕೊಂಡರು, ದಯವಿಟ್ಟು ಫೋನು ಜೇಬಿನಲ್ಲಿಡಿ ಅಂತ. ನಮ್ಮಲ್ಲಿ ಇದನ್ನು ಹೇಳೋದೇ ಕಷ್ಟ. ಒಂದು ಹಾಡಿನ ವಿಡಿಯೋ ತೆಗೀರಿ, ಸಾಕು. ಎರಡು ಗಂಟೆ ಕೈ ಎತ್ತಿಕೊಂಡು ನಿಂತರೆ ಹಿಂದಿನವನಿಗೆ ನಿಮ್ಮ ಮೊಣಕೈ ಬಿಟ್ಟು ಏನೂ ಕಾಣಲ್ಲ.

ಕೊನೆಗೆ ಹೋಗೋ ಬರೋ ವಿಷಯ. ಮೊದಲೆಲ್ಲ ಅರಮನೆ ಮೈದಾನ. ಶೋ ಮುಗಿಸಿ ಮೇಖ್ರಿ ಸರ್ಕಲ್ಲಿನಿಂದ ಮೆಜೆಸ್ಟಿಕ್‌ಗೆ ಬಂದು, ಧರ್ಮಸ್ಥಳದ ಬಸ್ಸು ಹತ್ತಿ, ಬೆಳಗಿನ ಜಾವ ಹಾಸನದಲ್ಲಿ ಇಳಿಯೋದು. ಈಗ ಕೆಲವು ದೊಡ್ಡ ಶೋಗಳು ತುಮಕೂರು ರಸ್ತೆಯ ಮಾದಾವರದ ಕಡೆ ಆಗುತ್ತಿವೆ. ಬೆಂಗಳೂರಿನವರು ದೂರ ದೂರ ಅಂತ ಗೊಣಗುತ್ತಾರೆ. ನಮಗೆ ಅದು ನೆಲಮಂಗಲದ ಪಕ್ಕ, ಊರೊಳಗೆ ನುಗ್ಗುವ ತಾಪತ್ರಯವೇ ಇಲ್ಲ. 2024ರ ನವೆಂಬರಿನಿಂದ ಅಲ್ಲಿಗೆ ಮೆಟ್ರೋನೂ ಬಂದಿದೆ, ಆದರೆ ನಮಗೆ ಅದರ ಕೆಲಸ ಇಲ್ಲ. ಮುಂದಿನ ಸಲ ಯಾವ ಹಳೇ ಬ್ಯಾಂಡು ಬಂದರೂ ಇಲ್ಲಿಂದ ಒಂದು ಟಿಟಿ ವ್ಯಾನು ಮಾಡೋಣ ಅಂತ ಮಾತಾಗಿದೆ. ಟಿಕೆಟ್ ನಿಮ್ಮ ನಿಮ್ಮದು, ಡೀಸೆಲ್ ಹಂಚಿಕೊಳ್ಳೋಣ. ಕಿವಿಗೆ ಬೆಣೆ ನಾನು ಒಟ್ಟಿಗೆ ತರಿಸುತ್ತೇನೆ, ಹೆಸರು ಕೊಟ್ಟವರಿಗೆ ಮಾತ್ರ. ಹೊರಡುವುದು ಮಧ್ಯಾಹ್ನ ಊಟಕ್ಕೆ ಮುಂಚೆ, ಯಡಿಯೂರಿನಲ್ಲಿ ಊಟ. ಲೇಟಾಗಿ ಬಂದವರನ್ನು ಕಾಯಲ್ಲ.